ನಮ್ಮ ಮನೆ ಬಳಗ: ಕಿರಣನ ಆಪರೇಷನ್ ಮುಂದಕ್ಕೆ ಹಾಕಬೇಕಾ?

ಶ್ರೀಧರ: (ಫಾರ್ವರ್ಡ್) *ಇಲಿಯ ತಲೆಬುರುಡೆಯ ತೂತು ಹೊಸ ಮೂಳೆಯಿಂದ ಮುಚ್ಚಿತು! ಇನ್ನು ಪ್ಲೇಟ್ ಬೇಡ!!* 🙏
ಸುಮಕ್ಕ, ಇದನ್ನು ಓದು. ಕಿರಣನ ತಲೆಬುರುಡೆಯ ತೂತಿಗೆ ಪ್ಲೇಟ್ ಹಾಕಿಸೋದು ಒಂದು ವರ್ಷ ತಡೆಯೋಣ.

ಮೇಘಾ: ಚಿಕ್ಕಪ್ಪ, ಸುದ್ದಿ ಸುಳ್ಳಲ್ಲ, ಆ ಕೊನೇ ಸಾಲು ಮಾತ್ರ ಯಾರೋ ಸೇರಿಸಿದ್ದು. ಇಲಿ ತಲೇಲಿ ಸಾಮಾನ್ಯವಾಗಿ ಮಾಡೋ ತೂತು 5ರಿಂದ 8 ಮಿಲಿಮೀಟರ್. ಕಿರಣನದ್ದು ಅಂಗೈ ಅಗಲ.

ಶ್ರೀಧರ: ಕೈ ಮುರಿದರೆ ಕೂಡಿಕೊಳ್ಳುತ್ತೆ. ತಲೆಯದ್ದೂ ಮೂಳೆಯೇ ತಾನೆ?

ಮೇಘಾ: ಕೈಯಲ್ಲಿ ಎರಡೂ ತುದಿ ಅಲ್ಲೇ ಇರುತ್ತೆ. ಇಲ್ಲಿ ತುಂಡೇ ಇಲ್ಲ. ಎಳೆ ಮಕ್ಕಳಲ್ಲಾದರೆ ಮಿದುಳಿನ ಹೊದಿಕೆಯೇ ಮೂಳೆ ಕಟ್ಟಿಬಿಡುತ್ತೆ. ಎರಡು ವರ್ಷ ದಾಟಿದ ಮೇಲೆ ಆ ಶಕ್ತಿ ಇಳಿಯುತ್ತೆ, ದೊಡ್ಡವರಲ್ಲಿ ಅಂಚಲ್ಲಿ ಒಂಚೂರು ಬೆಳೆದು ನಿಂತುಬಿಡುತ್ತೆ.

ಶಶಿ: ಜರ್ಮನಿಯಲ್ಲಿ 7 ವರ್ಷದ ಹುಡುಗಿಗೆ ಅವಳ ಕೊಬ್ಬಿನ ಕಾಂಡಕೋಶದಿಂದಲೇ (ಬೇರೆ ಬೇರೆ ಬಗೆಯ ಕೋಶವಾಗಬಲ್ಲ ಮೂಲ ಕೋಶ) ತಲೆಬುರುಡೆಯ ತೂತು ಮುಚ್ಚಿದ್ದಾರಲ್ಲೇ? 2004ರ ವರದಿ.

ಶ್ರೀಧರ: ನೋಡು ಮತ್ತೆ!

ಮೇಘಾ: ಗೊತ್ತು ಶಶಿಯಣ್ಣ. ಮೂರು ತಿಂಗಳಿಗೆ ಸಿಟಿ ಸ್ಕ್ಯಾನಲ್ಲಿ ಹೊಸ ಮೂಳೆ ಕಂಡಿತ್ತು. ಆದರೆ ಅವಳ ಸೊಂಟದ ಮೂಳೆಯನ್ನೂ ಅರೆದು ಜೊತೆಗೆ ತುಂಬಿದ್ದರು. ಬೆಳೆಸಿದ್ದು ಕಾಂಡಕೋಶವೋ ಆ ಮೂಳೆಯೋ, ಒಬ್ಬಳನ್ನು ನೋಡಿ ಹೇಗೆ ಹೇಳ್ತೀಯ?
ಇನ್ನೊಂದು, ಮೂಳೆ ಬೆಳೆಯಲಿ ಅಂತ ತೂತಿಗೆ ಇಡೋ ಅಚ್ಚಿನ ಒಳಗೆ ಕೋಶ ಬದುಕಬೇಕಾದರೆ ರಕ್ತನಾಳ ಹೆಚ್ಚೆಂದರೆ 0.2 ಮಿಲಿಮೀಟರ್ ದೂರದಲ್ಲಿರಬೇಕು. ಇಲಿಯಲ್ಲಿ ಅಂಚಿನಿಂದ ನಾಳ ಬೇಗ ನಡುವಿಗೆ ತಲುಪುತ್ತೆ. ಅಂಗೈ ಅಗಲದಲ್ಲಿ ತಲುಪೋಷ್ಟರಲ್ಲಿ ನಡುವಿನ ಕೋಶಗಳ ಕತೆ ಮುಗಿದಿರುತ್ತೆ.

ಶ್ರೀಧರ: ಬಿಎಂಪಿ-2 ಅನ್ನೋ ಪ್ರೋಟೀನ್ ಹಾಕಿದರೆ ಬೇಗ ಬೆಳೆಯುತ್ತಂತೆ.

ಮೇಘಾ: ಬೆಳೆಯುತ್ತೆ. ಪ್ರಮಾಣ ಹೆಚ್ಚಾದರೆ ಊತ, ಬೇಡದ ಕಡೆ ಮೂಳೆ. ಕೆಳಗಿರೋದು ಮಿದುಳು ಚಿಕ್ಕಪ್ಪ.

ಸುಮಾ: ನೀವಿಬ್ಬರೂ ಅವನನ್ನೇ ಕೇಳ್ರೋ.

ಕಿರಣ: ಮಾವ, ಎದ್ದು ನಿಂತರೆ ಎಡಗಡೆ ಚರ್ಮ ಗುಳಿ ಬೀಳುತ್ತೆ, ತಲೆ ಸುತ್ತುತ್ತೆ. ಮಲಗಿದರೆ ಸರಿಹೋಗುತ್ತೆ. ಹೆಲ್ಮೆಟ್ ಇಲ್ಲದೆ ಬಚ್ಚಲಿಗೂ ಹೋಗೋ ಹಾಗಿಲ್ಲ. ಇನ್ನೊಂದು ವರ್ಷ ನನ್ನ ಕೈಲಿ ಆಗಲ್ಲ.

ಮೇಘಾ: ಹೊರಗಿನ ಗಾಳಿಯ ಒತ್ತಡ ನೇರ ಮಿದುಳಿನ ಮೇಲೆ ಬೀಳೋದರಿಂದ ಹಾಗಾಗುತ್ತೆ. ಮುಚ್ಚಿದ ಮೇಲೆ ಎಷ್ಟೋ ಜನಕ್ಕೆ ತಲೆಸುತ್ತು ಕಡಿಮೆಯಾಗುತ್ತೆ.

ಶ್ರೀಧರ: ಅವನದೇ ಮೂಳೆ ಫ್ರೀಜರಲ್ಲಿ ಇಡಬಹುದಿತ್ತಲ್ಲ?

ಕಿರಣ: ಅದು ಚೂರುಚೂರಾಗಿತ್ತು ಮಾವ.

ಮೇಘಾ: ಇಟ್ಟಿದ್ದರೂ ಮತ್ತೆ ಕೂರಿಸಿದ ಮೇಲೆ ಕೆಲವರಿಗೆ ಕರಗಿಹೋಗುತ್ತೆ, ಮಕ್ಕಳಲ್ಲಂತೂ ಜಾಸ್ತಿ. ಈ ಸಂಶೋಧನೆ ಹೆಚ್ಚು ಬೇಕಾಗಿರೋದೇ ಅವರಿಗೆ. ಬೆಳೆಯೋ ತಲೆಯ ಜೊತೆ ಪ್ಲೇಟ್ ಬೆಳೆಯಲ್ಲ.

ಶ್ರೀಧರ: ಆಯ್ತು, ಹಾಕಿಸಿ. ಆದರೆ ಮುಂದೆ ಬೇಕಾದರೆ ತೆಗೆದು ಬದಲಾಯಿಸಬಹುದಾ ಅಂತ ಡಾಕ್ಟರನ್ನ ಕೇಳಿ. ಲೇಖನ ನಾನು ಡಿಲೀಟ್ ಮಾಡಲ್ಲ.

ಕಿರಣ: ಕೇಳ್ತೀನಿ ಮಾವ. ಅಳತೆಗೆ ಸ್ಕ್ಯಾನ್ ಆಗಲೇ ಕೊಟ್ಟಾಗಿದೆ 😄