ತಿಪಟೂರಿನ ಮನೆ ಕಂಪ್ಯೂಟರ್ ತುಮಕೂರಿನ ಅಂಗಡಿಯಿಂದ ಸಿಗ್ತಿಲ್ಲ

ಪ್ರಶ್ನೆ: ಮನೇಲಿ ವಿಂಡೋಸ್ 11 ಪ್ರೊ. ಮನೆ ವೈಫೈನಲ್ಲಿ ರಿಮೋಟ್ ಡೆಸ್ಕ್‌ಟಾಪ್ (ಬೇರೆ ಕಂಪ್ಯೂಟರಿಂದ ಇದನ್ನ ನಡೆಸೋದು) ಸಲೀಸಾಗಿ ಬರುತ್ತೆ, ಅಂಗಡಿಯಿಂದ ಬರಲ್ಲ. ಹೊರಗಿಂದ ಬರೋ ಕನೆಕ್ಷನ್ ಮನೆ ಕಂಪ್ಯೂಟರಿಗೆ ಹೋಗ್ಲಿ ಅಂತ ರೂಟರ್‌ನಲ್ಲಿ ಅದರ 3389 ಪೋರ್ಟ್ ಫಾರ್ವರ್ಡ್ ಮಾಡಿದೀನಿ. ವ್ಯಾನ್ ಐಪಿ (ಇಂಟರ್ನೆಟ್ ಕಂಪನಿ ರೂಟರ್‌ಗೆ ಕೊಟ್ಟಿರೋ ವಿಳಾಸ) 100.72 ಅಂತ ಶುರುವಾಗುತ್ತೆ. ಎಲ್ಲಿ ತಪ್ಪಾಗಿದೆ?

ಉತ್ತರ 1: ತಪ್ಪು ನಿಮ್ಮದಲ್ಲ ಸರ್. 100.64ರಿಂದ 100.127ರವರೆಗಿನ ವ್ಯಾನ್ ಐಪಿ ಅಂದ್ರೆ ಸಿಜಿನ್ಯಾಟ್. ಅಂದ್ರೆ ಇಂಟರ್ನೆಟ್ ಕಂಪನಿಯವರು ಹೊರಗಿನ ಒಂದೇ ಐಪಿಯನ್ನ ಎಷ್ಟೋ ಮನೆಗೆ ಹಂಚಿರ್ತಾರೆ, ಹಾಗಾಗಿ ಹೊರಗಿಂದ ಬಂದದ್ದು ನಿಮ್ಮ ರೂಟರ್ ಮುಟ್ಟೋದೇ ಇಲ್ಲ. ಆ ಫಾರ್ವರ್ಡ್ ಮೊದಲು ತೆಗೀರಿ. ನಾಳೆ ಪಬ್ಲಿಕ್ ಐಪಿ (ಹೊರಗಿಂದ ನೇರ ಸಿಗೋ ವಿಳಾಸ) ಸಿಕ್ಕರೆ ಪಾಸ್‌ವರ್ಡ್ ಊಹಿಸೋ ಬಾಟ್‌ಗಳು ಹಗಲೂ ರಾತ್ರಿ ತಟ್ತಾವೆ. ಎರಡೂ ಕಂಪ್ಯೂಟರಿಗೆ ಟೈಲ್‌ಸ್ಕೇಲ್ (ನಿಮ್ಮ ಕಂಪ್ಯೂಟರ್‌ಗಳ ನಡುವೆ ಖಾಸಗಿ ಸಂಪರ್ಕ ಮಾಡೋ ಆಪ್) ಹಾಕಿ, ಒಂದೇ ಅಕೌಂಟಲ್ಲಿ ಲಾಗಿನ್ ಆಗಿ. ಮನೆ ಕಂಪ್ಯೂಟರಿಗೆ ಅದು ಕೊಡೋ ಐಪಿಯನ್ನೇ ರಿಮೋಟ್ ಡೆಸ್ಕ್‌ಟಾಪ್‌ನಲ್ಲಿ ಹಾಕಿ. ಅದೂ 100ರಿಂದಲೇ ಶುರು, ವ್ಯಾನ್ ಐಪಿ ಜೊತೆ ಗೊಂದಲ ಮಾಡ್ಕೋಬೇಡಿ.

ಉತ್ತರ 2: ಲಾಗಿನ್‌ಗೆ ಪಿನ್ ನಡೆಯಲ್ಲ, ಅಕೌಂಟ್ ಪಾಸ್‌ವರ್ಡೇ ಬೇಕು. ಸ್ಲೀಪ್ 'ನೆವರ್' ಇಡಿ. ಕರೆಂಟ್ ಹೋಗಿ ಬಂದಾಗ ಕಂಪ್ಯೂಟರ್ ತಾನೇ ಆನ್ ಆಗೋ ಆಯ್ಕೆ ಬಯೋಸ್‌ನ (ವಿಂಡೋಸ್ ಶುರುವಾಗೋ ಮುಂಚಿನ ಸೆಟ್ಟಿಂಗ್ ಪರದೆ) ಪವರ್ ವಿಭಾಗದಲ್ಲಿರುತ್ತೆ. ಟೈಲ್‌ಸ್ಕೇಲ್‌ನಲ್ಲಿ 'ರನ್ ಅನ್‌ಅಟೆಂಡೆಡ್' ಟಿಕ್ ಮಾಡಿ, ಇಲ್ಲಾಂದ್ರೆ ಮನೇಲಿ ಯಾರಾದ್ರೂ ಲಾಗಿನ್ ಆಗೋವರೆಗೂ ಕನೆಕ್ಟ್ ಆಗಲ್ಲ.

ಪ್ರಶ್ನೆ ಕೇಳಿದವರು: ಬಂತು ಸರ್! ಕೊನೇ ಟಿಕ್ ಒಂದೇ ಬಾಕಿ ಇತ್ತು.