ಸಹಾಯ ಬೇಕು: ವೆಂಗೆನ್‌ನಲ್ಲಿ ಮಕ್ಕಳ ಸ್ಕೀ ಬೂಟು, ಕಲಿಯುವ ಜಾಗ

ನಮಸ್ಕಾರ. ಮಾರ್ಚ್ ಮೊದಲ ವಾರ ಸ್ವಿಟ್ಜರ್ಲೆಂಡಿನ ವೆಂಗೆನ್‌ಗೆ ಹೊರಟಿದ್ದೇವೆ: ಇಬ್ಬರು ದೊಡ್ಡವರು, 7 ಮತ್ತು 11 ವರ್ಷದ ಮಕ್ಕಳು. ಊರಿಗೆ ಕಾರು ಹೋಗಲ್ಲ, ಲೌಟರ್‌ಬ್ರುನೆನ್‌ನಲ್ಲಿ ಬಿಟ್ಟು ಹಲ್ಲುಗಾಲಿ ರೈಲು ಹತ್ತಬೇಕು. ಅದು ಗೊತ್ತು, ಆ ವಿಷಯ ಬೇಡ.

ತಲೆನೋವು ಚಿಕ್ಕವಳ ಬೂಟಿನದು. ಪಾದ 20.5 ಸೆಂ.ಮೀ. ಒಳಮೆತ್ತೆ ತೆಗೆದು, ಬೂಟಿನ ಬರೀ ಗಟ್ಟಿ ಹೊರಚಿಪ್ಪಿನೊಳಗೆ ಹೆಬ್ಬೆರಳು ಮುಂದಕ್ಕೆ ತಾಗುವಂತೆ ನಿಲ್ಲಿಸಿದರೆ ಹಿಮ್ಮಡಿ ಹಿಂದೆ ಒಂದೂವರೆಯಿಂದ ಎರಡು ಸೆಂ.ಮೀ. ಉಳಿಯಬೇಕು. 'ಮುಂದಿನ ವರ್ಷಕ್ಕೂ ಆಗಲಿ' ಅಂತ ದೊಡ್ಡದು ಕೊಂಡರೆ ಹಿಮ್ಮಡಿ ಎದ್ದು ಸ್ಕೀ ತಿರುಗೋದೇ ಇಲ್ಲ. ಜಾಗ ತುಂಬೋಕೆ ಎರಡು ಸಾಕ್ಸ್ ಹಾಕಿದರೆ ಮಡಿಕೆ ಒತ್ತಿ, ರಕ್ತ ಓಡಾಡದೆ ಕಾಲು ಇನ್ನೂ ತಣ್ಣಗಾಗುತ್ತೆ. ಹಾಗಾಗಿ ಬಾಡಿಗೆಯೇ ಸರಿ ಅನ್ನಿಸಿದೆ. ಅಲ್ಲಿನ ಅಂಗಡಿಗಳಲ್ಲಿ ವಾರದ ಮಧ್ಯೆ ಬೂಟು ಬದಲಿಸಿಕೊಡ್ತಾರಾ? ಆಗ ಬೈಂಡಿಂಗನ್ನೂ (ಬೂಟನ್ನು ಸ್ಕೀಗೆ ಹಿಡಿದಿಟ್ಟು, ಬಿದ್ದಾಗ ಬಿಡಿಸುವ ಕೊಂಡಿ) ಹೊಸದಾಗಿ ಹೊಂದಿಸ್ತಾರಾ? ತೂಕ, ಎತ್ತರ, ವಯಸ್ಸು, ಬೂಟಿನ ಅಡಿ ಉದ್ದ ನೋಡದೆ ಬಿಗಿ ಮಾಡಿದರೆ ಬಿದ್ದಾಗ ಸ್ಕೀ ಕಳಚದೆ ಮಂಡಿ ತಿರುಚುತ್ತೆ, ಭಯ ಅದೇ.

ಇನ್ನೊಂದು: ಊರೊಳಗಿನ ಕಲಿಕೆಯ ಇಳಿಜಾರು ಸುಮಾರು 1,274 ಮೀಟರ್ ಎತ್ತರದಲ್ಲಿದೆ. ಮಾರ್ಚ್‌ನಲ್ಲಿ ಅಲ್ಲಿನ ಹಿಮ ಬೆಳಗ್ಗೆ ಗಾಜಿನಂತೆ ಗಟ್ಟಿ, ಮಧ್ಯಾಹ್ನ ಬಿಸಿಲಿಗೆ ಗಂಜಿ. ಮೊದಲ ದಿನವೇ ಮಕ್ಕಳನ್ನು ಊರಿನ ಮೇಲಿರುವ, 2,061 ಮೀಟರ್‌ನ ಕ್ಲೈನೆ ಶೈಡೆಗ್ ಕಣಿವೆದಾರಿಗೆ ಕರೆದೊಯ್ಯೋದು ಸರಿಯಾ, ಅಥವಾ ಎರಡು ದಿನ ಕೆಳಗೇ ಇರಲಾ? ಮಾರ್ಚ್‌ನಲ್ಲಿ ಮಕ್ಕಳ ಜೊತೆ ಹೋಗಿಬಂದವರು ಯಾವ ಹೊತ್ತಿನ ತರಗತಿ ಹಿಡಿದಿರಿ, ಹೇಳಿ.