ನಿಮ್ಮವ್ವನ್ನ ಒಂದು ತಿಂಗಳು ಕಲ್ಪವಾಸಕ್ಕ ಕಳಸ್ರಿ

ಎಲ್ಲಾರಿಗೂ ನಮಸ್ಕಾರ. ನಾ ದೊಡ್ಡವ್ವ, ಗಂಗಾವತಿಯಿಂದ. ಟೈಪ್ ಮಾಡ್ಕೋತ ಕುಂತ್ರ ಬೆಳಗಾಗ್ತೈತಿ, ಅದಕ್ಕ ವಾಯ್ಸ್ ಹಾಕಾಕತ್ತೀನಿ. ಉದ್ದ ಆಗ್ತೈತಿ. ಆದ್ರೂ ಪೂರಾ ಕೇಳ್ರಿ, ನಡುವ ಓಡಿಸಬ್ಯಾಡ್ರಿ.

ನಿನ್ನೆ ರಾತ್ರಿ ನನ್ನ ತಂಗಿ, ಅಂದ್ರ ನಿಮ್ಮವ್ವ, "ಬರೋ ಮಾಘದಾಗ ಪ್ರಯಾಗಕ್ಕ ಹೋಗ್ತೀನಿ, ತಿಂಗಳು ಕಲ್ಪವಾಸ ಇರ್ತೀನಿ" ಅಂತ ಗ್ರೂಪಿನ್ಯಾಗ ಹಾಕಿದ್ಲು. ದೊಡ್ಡಾವ, "ತಿಂಗಳು ಯಾಕವ್ವಾ, ವಿಮಾನದಾಗ ಕರ್ಕೊಂಡು ಹೋಗಿ ಎರಡು ದಿನ ಚಲೋ ಟೆಂಟಿನ್ಯಾಗ ಇಟ್ಟು ಸ್ನಾನ ಮಾಡಿಸ್ಕೊಂಡು ಬರ್ತೀನಿ" ಅಂದ. ಸಣ್ಣಾವ, ನೀರು ಹೊಲಸು ಅಂತ ಪೇಪರಿನ ಫೋಟೋ ಹಾಕಿದ. ಮಗಳು, "ಬಿಪಿ, ಶುಗರ್ ಇಟ್ಕೊಂಡು ಒಪ್ಪೊತ್ತು ಉಂಡು ಹೆಂಗಿರ್ತಿ" ಅಂತ ಕೇಳಿದ್ಲು. ಅದಾದ ಮ್ಯಾಲೆ ನಿಮ್ಮವ್ವ ಒಂದಕ್ಷರ ಬರೀಲಿಲ್ಲ. ನೀವ್ಯಾರೂ ಕೆಟ್ಟ ಮನಸ್ಸಿಂದ ಅಂದಿಲ್ಲ, ನನಗ ಗೊತ್ತೈತಿ. ಆದ್ರ ಕಲ್ಪವಾಸ ಅಂದ್ರ ಏನು ಅಂತ ನಿಮಗ ಯಾರೂ ಹೇಳಿಲ್ಲ. ಮಾಘ ತಿಂಗಳು ಪೂರಾ ಪ್ರಯಾಗದ ಗಂಗಾ ದಂಡಿ ಮ್ಯಾಲೆ ಡೇರೆ ಹಾಕ್ಕೊಂಡು ನೇಮದಿಂದ ಇರೋದಕ್ಕ ಹಂಗ ಅಂತಾರ. ನಾ ಆ ಉಸುಕಿನ ಮ್ಯಾಲೆ ಇದ್ದು ಬಂದಾಕಿ, ಅದಕ್ಕ ಹೇಳ್ತೀನಿ.

ನಮ್ಮ ಕಡೆ ಬನದ ಹುಣ್ಣಿಮಿ ಅಂತೀವಲ್ಲ, ಬಾದಾಮಿ ಬನಶಂಕರಿ ಜಾತ್ರಿ ಹುಣ್ಣಿಮಿ, ಅವತ್ತ ಕಲ್ಪವಾಸ ಶುರು. ಭಾರತ ಹುಣ್ಣಿಮಿಗೆ ಮುಗೀತೈತಿ. ಉತ್ತರದಾಗ ತಿಂಗಳನ್ನ ಹುಣ್ಣಿಮಿಯಿಂದ ಹುಣ್ಣಿಮಿಗೆ ಎಣಸ್ತಾರ, ನಾವು ಅಮಾಸಿಯಿಂದ ಅಮಾಸಿಗೆ. ಹಿಂಗಾಗಿ ನಮ್ಮ ಪಂಚಾಂಗದಾಗ ಇನ್ನೂ ಪುಷ್ಯ ಇರೋವಾಗ ಅವರ ಮಾಘ ಹುಟ್ಟಿರ್ತೈತಿ. ಅವರು ಮೌನಿ ಅಮಾವಾಸ್ಯೆ ಅನ್ನೋದು ನಮ್ಮ ಪುಷ್ಯದ ಅಮಾಸಿ. 2026ರಾಗ ಜನವರಿ 3ರಿಂದ ಫೆಬ್ರವರಿ 1ರ ತನಕ ಇತ್ತು. ಅದೇ ವರ್ಷ ಅಧಿಕ ಜ್ಯೇಷ್ಠ ಬಂತು, ಅಂದ್ರ ಒಂದು ತಿಂಗಳು ಹೆಚ್ಚಾತು, ಅದಕ್ಕ 2027ಕ್ಕ ಜನವರಿ 22ಕ್ಕ ಶುರುವಾಗಿ ಫೆಬ್ರವರಿ 20ಕ್ಕ ಮುಗೀತೈತಿ. ಕೊಪ್ಪಳದ ಗವಿಮಠದ ತೇರು ಬನದ ಹುಣ್ಣಿಮಿ ಆಗಿ ಎರಡು ದಿನಕ್ಕ ಬರ್ತೈತಿ. ಅಂದ್ರ ನಿಮ್ಮವ್ವ ಈ ಸಲ ತೇರು ಬಿಡ್ತಾಳ, ದಾಸೋಹಕ್ಕ ರೊಟ್ಟಿ ಬಡಿಯೋದನ್ನೂ ಬಿಡ್ತಾಳ. ಅದನ್ನ ಬಿಟ್ಟು ಹೊಂಟಾಳ ಅಂದ್ರ ಸುಮ್ನ ಬಾಯಿಗೆ ಬಂದ ಮಾತಲ್ಲ ಅಂತ ತಿಳ್ಕೊರಿ.

ಕುಂಭಮೇಳಕ್ಕ 12 ವರ್ಷ ಕಾಯಬೇಕು. ಕಲ್ಪವಾಸ ನಡಿಯೋ ಮಾಘಮೇಳ ಹಂಗಲ್ಲ, ವರ್ಷಾ ಇರ್ತೈತಿ. 2025ರ ಕುಂಭದಾಗ ಟಿವಿ ನೋಡಿದೋರಿಗೆಲ್ಲಾ ನಾಗಾ ಸಾಧುಗಳು, ಅಖಾಡದ ಮೆರವಣಿಗಿ ಅಷ್ಟ ಕಂಡಿದ್ದು. ಅದರ ಹಿಂದ, ಗಂಗಾ ಇಳಿದು ಬಿಟ್ಟ ಉಸುಕಿನ ಮ್ಯಾಲೆ, ಸಾಲುಸಾಲು ಸಾದಾ ಡೇರೆ ಇರ್ತಾವ. ಅದರಾಗ ನಮ್ಮಂಥ ವಯಸ್ಸಾದ ಹೆಣ್ಮಕ್ಕಳು, ರೈತರು, ರಿಟೈರ್ ಆದ ಮಾಸ್ತರು ಇರ್ತಾರ. ಮೇಳದ ಬೇರು ಅವರು.

ದೊಡ್ಡಾವ, ಈಗ ನಿನಗ ಹೇಳ್ತೀನಿ. ಬರೇ ಮುಳುಗು ಹಾಕೋದಾಗಿದ್ರ ನಿಮ್ಮವ್ವ ಸಿಂಧನೂರಿಂದ ಇಲ್ಲಿ ಆನೆಗುಂದಿಗೆ ಬಂದು ತುಂಗಭದ್ರಾದಾಗ ಹಾಕಿ ಸಂಜಿಗೆ ಮನಿ ಸೇರ್ತಿದ್ಲು. ಆಕಿ ಕೇಳಿದ್ದು ಮುಳುಗಲ್ಲ, ತಿಂಗಳಿನ ಬಾಳೇವು. ಕಲ್ಪವಾಸಿಗೆ 21 ನೇಮ ಹೇಳ್ತಾರ, ದತ್ತಾತ್ರೇಯ ಹೇಳಿದ್ದು ಅಂತ ಪದ್ಮಪುರಾಣದ ಹೆಸರಿನ್ಯಾಗ ಅಲ್ಲಿ ಎಲ್ಲಾರ ಬಾಯಾಗೂ ಇರ್ತಾವ. ಬ್ರಾಹ್ಮಿ ಮುಹೂರ್ತಕ್ಕ ಏಳಬೇಕು, ದಿನಕ್ಕ ಮೂರು ಸಲ ಸ್ನಾನ, ಒಪ್ಪೊತ್ತು ಊಟ, ನೆಲದ ಮ್ಯಾಲೆ ಮಲಗೋದು, ಸುಳ್ಳಾಡಬಾರದು, ಪಿತೃಗಳಿಗೆ ಪಿಂಡ, ಕೈಲಾದ ದಾನ. ಸಂಕಲ್ಪ ಮಾಡಿದ ಕ್ಷೇತ್ರ ಬಿಟ್ಟು ಹೊರಗ ಹೋಗಂಗಿಲ್ಲ. ಬೆಂಕಿ ಕಾಯಿಸ್ಕೊಳ್ಳಂಗಿಲ್ಲ. ಜನವರಿ ತಿಂಗಳ ಪ್ರಯಾಗದ ಥಂಡಿಯೊಳಗ ಅದು ಸಣ್ಣ ಮಾತಲ್ಲ.

ಆದ್ರ ನನಗ ಎಲ್ಲಾದ್ಕಿಂತ ಕಠಿಣ ಅನ್ನಿಸಿದ್ದು ಥಂಡಿ ಅಲ್ಲ, ಹಸಿವೂ ಅಲ್ಲ. ಯಾರನ್ನೂ ನಿಂದಾ ಮಾಡಬಾರದು ಅನ್ನೋ ನೇಮ. ನಾಕು ಮಂದಿ ಹೆಣ್ಮಕ್ಕಳು ಕಾಯಿಪಲ್ಲೆ ಹೆಚ್ಚಾಕ ಕುಂತಾಗ ಮಾತು ಎಲ್ಲಿಗೆ ಹೋಗ್ತೈತಿ? ಸೊಸಿ, ನಾದಿನಿ, ಓರಗಿತ್ತಿ. ಅಲ್ಲಿ ಒಬ್ಬಾಕಿ ಶುರು ಮಾಡಿದ್ರ ಇನ್ನೊಬ್ಬಾಕಿ ಮೆಲ್ಲಕ "ಗಂಗಾ ಮೈಯ್ಯಾ" ಅಂತಾಳ, ಅಷ್ಟಕ್ಕ ನಿಲ್ತೈತಿ. ದಿನಾ ಹಂಗ ನಿಂತು ನಿಂತು, ಆಮ್ಯಾಲೆ ಮನಸ್ಸಿನ್ಯಾಗ ಆ ಮಾತು ಹುಟ್ಟೋದ ಕಮ್ಮಿ ಆಗ್ತೈತಿ. ಎರಡು ದಿನದ ಟೆಂಟಿನ್ಯಾಗ ಇದು ಆಗೋದಲ್ಲ ತಮ್ಮಾ, ರೊಕ್ಕ ಎಷ್ಟ ಕೊಟ್ರೂ ಆಗೋದಲ್ಲ.

ಅಲ್ಲಿ ಹೆಂಗಿರ್ತೈತಿ ಅಂದ್ರ, ತೀರ್ಥಪುರೋಹಿತರು, ಪ್ರಯಾಗವಾಲ ಅಂತಾರ ಅವರಿಗೆ, ಅವರ ಜಾಗದಾಗ ಡೇರೆ. ಒಬ್ಬೊಬ್ಬರದು ಒಂದೊಂದು ಗುರುತಿನ ಬಾವುಟ, ಮೀನು, ಹಂಗ ಏನಾರ ಒಂದು ಚಿತ್ರ, ಉದ್ದನ್ನ ಬಿದಿರಿಗೆ ಕಟ್ಟಿರ್ತಾರ. ಓದಾಕ ಬರ್ದ ಮುದುಕಿನೂ ಬಾವುಟ ನೋಡಿ ತನ್ನ ಡೇರೆ ಹುಡುಕ್ತಾಳ. ಒಳಗ ನೆಲಕ್ಕ ನೆಲ್ಲಹುಲ್ಲು ಹಾಸಿರ್ತಾರ, ನಮ್ಮ ಗದ್ದಿ ಹುಲ್ಲಿನಂಥದ್ದ, ಅದರ ಮ್ಯಾಲೆ ಕಂಬಳಿ. ಬಾಗಲ ಮುಂದ ಒಂದು ತುಳಸಿ, ಅದರ ಮಗ್ಗಲಕ್ಕ ಉಸುಕು-ಮಣ್ಣಿನ್ಯಾಗ ಜವೆಗೋದಿ ಬಿತ್ತತಾರ. ಮೊದಲನೇ ದಿನ ಬರೇ ಮಣ್ಣು. ವಾರದಾಗ ಹಸರು ಎದ್ದಿರ್ತೈತಿ. ಸ್ನಾನ ಮಾಡಿ ಬಂದು, ಒದ್ದಿ ಸೀರಿ ಅಂಚಿಂದ ನೀರು ಹಿಂಡಿ ಅದಕ್ಕ ಹಾಕೋ ಮುದುಕಿಯರನ್ನ ನೋಡೀನಿ. ತಿಂಗಳು ಮುಗಿಯೋ ಹೊತ್ತಿಗೆ ಗೇಣುದ್ದ ಬೆಳೆದಿರ್ತೈತಿ, ಹೋಗುವಾಗ ಒಂದಿಷ್ಟು ಗಂಗಾಗ ಬಿಡ್ತಾರ, ಒಂದಿಷ್ಟು ಮನಿಗೆ ಒಯ್ತಾರ.

ನಸಿಕಿನ್ಯಾಗ ಮಂಜು ಎಷ್ಟಿರ್ತೈತಿ ಅಂದ್ರ ಮುಂದ ಹೊಂಟಾಕಿ ಸೆರಗು ಹಿಡಿದು ನಡೀಬೇಕು. ಮೈಕಿನ್ಯಾಗ ಕಳೆದು ಹೋದೋರ ಹೆಸರು ಕೂಗ್ತಿರ್ತಾರ. ಬೆಳಕು ಹರಿದ ಮ್ಯಾಲೆ ಸಂಗಮದಾಗ ಬಿಳಿ ಹಕ್ಕಿ ಹಿಂಡು, ಚಳಿಗಾಲಕ್ಕ ದೂರದಿಂದ ಬರೋವು, ದೋಣಿ ಸುತ್ತ ಕೂಗಾಡ್ತಾವ. ಮಧ್ಯಾಹ್ನ ಊಟ ಆದ್ರ ಮುಗೀತು, ಆಮ್ಯಾಲೆ ಕಥಿ, ಭಜನಿ, ಜಪ. ಹಿಂಗ ಹನ್ನೆರಡು ಮಾಘ ಬಿಡದಂಗ ಮಾಡಿ ಶಯ್ಯಾದಾನ, ಅಂದ್ರ ಹಾಸಿಗಿ ದಾನ, ಕೊಟ್ಟು ಮುಗಿಸೋರೂ ಅದಾರ. ನಿಮ್ಮವ್ವ ಒಂದ ಕೇಳ್ಯಾಳ.

ಸಾಧುಗಳ ಬಗ್ಗೆ ಒಂದು ಮಾತು. ಮೇಳದಾಗ ಖಾಕ್ ಚೌಕ್ ಅಂತ ಒಂದು ಭಾಗ, ಅಲ್ಲಿ ರಾಮಾನಂದರ ಪಂಥದ ತ್ಯಾಗಿ ಸಾಧುಗಳು ವಸಂತ ಪಂಚಮಿ ದಿನ ಧೂನಿ ತಪಸ್ಸು ಶುರು ಮಾಡ್ತಾರ. ಸುತ್ತ ಕುಳ್ಳಿನ ಬೆಂಕಿ, ನಡುವ ಕುಂತು ಜಪ. ಗಂಗಾ ದಶಹರಾ ತನಕ, ಅಂದ್ರ ಬ್ಯಾಸಗಿ ಪೂರಾ. ಮೊದಲ ಮೂರು ವರ್ಷ ಐದು ಧೂನಿ, ಆಮ್ಯಾಲೆ ಏಳು, ಹನ್ನೆರಡು, ಎಂಬತ್ನಾಕು, ಕೋಟಿ ಅಂತ ಹೆಸರಿನ ಧೂನಿ, ಕಡೀಕ ತಲಿ ಮ್ಯಾಲೆ ಬೆಂಕಿ ಗಡಿಗಿ ಇಟ್ಕೊಳ್ಳೋ ಖಪ್ಪರ ಧೂನಿ. ಒಂದೊಂದಕ್ಕೂ ಮೂರು ವರ್ಷ, ಒಟ್ಟು 18 ವರ್ಷದ ವ್ರತ. ಕಲ್ಪವಾಸಿ ಥಂಡ್ಯಾಗ ಬೆಂಕಿ ಕಾಯಿಸ್ಕೊಳ್ಳಂಗಿಲ್ಲ, ಅವರು ಬಿಸಿಲಾಗ ಬೆಂಕಿ ಬಿಟ್ಟು ಏಳಂಗಿಲ್ಲ. ಅವರನ್ನ ನೋಡಿದ ಮ್ಯಾಲೆ ಒಪ್ಪೊತ್ತು ಊಟ ಕಷ್ಟ ಅನ್ನಾಕ ನನಗ ಬಾಯಿ ಬರಲಿಲ್ಲ.

ಇನ್ನೊಂದು ನೆನಪಾತು. ನಮ್ಮ ಬಾದಾಮಿ ಪುಲಿಕೇಶಿ ನರ್ಮದೆಯ ದಡದಾಗ ತಡೆದ ಹರ್ಷವರ್ಧನ ಇದ್ದನಲ್ಲ, ಅವ ಐದು ವರ್ಷಕ್ಕೊಮ್ಮೆ ಇದ ಪ್ರಯಾಗಕ್ಕ ಬಂದು ಖಜಾನಿ ಎಲ್ಲಾ ದಾನ ಮಾಡ್ತಿದ್ದ. ಚೀನಾದಿಂದ ಬಂದ ಯಾತ್ರಿಕ ಹ್ಯುಯೆನ್‌ತ್ಸಾಂಗ್ ಕಣ್ಣಾರೆ ನೋಡ್ಯಾನ. ಮೈಮ್ಯಾಲಿನ ಒಡವಿ, ಬಟ್ಟಿ ಸುದ್ದಾ ಕೊಟ್ಟು, ತಂಗಿ ರಾಜ್ಯಶ್ರೀ ಕಡೆಯಿಂದ ಹಳೇ ಬಟ್ಟಿ ಇಸ್ಕೊಂಡು ಉಟ್ಟನಂತ. ಏಳನೇ ಶತಮಾನದಾಗ. ಆ ನೆಲದಾಗ ಇದ್ದದ್ದನ್ನ ಬಿಟ್ಟುಕೊಡೋದು ಅಷ್ಟು ಹಳೇದು.

ಸಣ್ಣಾವಾ, ನೀ ಹಾಕಿದ ಪೇಪರ್ ಸುಳ್ಳಲ್ಲ. 2025ರ ಫೆಬ್ರವರಿಯೊಳಗ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ, ಹಸಿರು ನ್ಯಾಯಮಂಡಳಿಗೆ ಕೊಟ್ಟ ವರದಿಯೊಳಗ, ಭಾಳ ಕಡೆ ಮಲದ ಬ್ಯಾಕ್ಟೀರಿಯಾ ಸ್ನಾನದ ಮಿತಿ ದಾಟೇತಿ ಅಂತ ಇತ್ತು. ಮಿತಿ ಅಂದ್ರ 100 ಮಿಲಿ ನೀರಿಗೆ 2500. ಅದೇ ತಿಂಗಳ ಕಡೀಕ ಇನ್ನೊಂದು ವರದಿ ಬಂತು, ಎಲ್ಲಾ ಲೆಕ್ಕ ಹಾಕಿ ನೋಡಿದ್ರ ಸ್ನಾನಕ್ಕ ಅಡ್ಡಿ ಇಲ್ಲ ಅಂತ. ನಾ ಮೊದಲನೇದನ್ನ ನಂಬಿ ಜಾಗ್ರತಿ ಮಾಡ್ರಿ ಅಂತೀನಿ. ಗಂಗಾಗ ಗಟಾರ ಬಿಟ್ಟೋರು ನಾವು, ಅದು ನನ್ನ ಹೊಟ್ಟಿ ಉರಸ್ತೈತಿ. ನಮ್ಮ ತುಂಗಭದ್ರಾಗೂ ಊರ ಹೊಲಸೆಲ್ಲಾ ನಾವ ಬಿಡ್ತೀವಲ್ಲ. ನಿಮ್ಮವ್ವ ಮುಳುಗುವಾಗ ಬಾಯಿ ಮುಚ್ಚಿರ್ಲಿ, ಕಾಲಿಗೆ ಗಾಯ ಇದ್ರ ಇಳಿಯೋದು ಬ್ಯಾಡ, ಕುಡಿಯಾಕ ಅಡಗಿಗೆ ಕಾಯಿಸಿದ ನೀರ ಇರ್ಲಿ. ಇಷ್ಟು ಮಾಡಿದ್ರ ಸಾಕು ಅಂತ ನನ್ನ ಮಾತು.

ಮಗಳೇ, ನೀ ಕೇಳಿದ್ದು ಖರೇವು ಕೇಳಬೇಕಾದ ಮಾತು. ಶುಗರ್ ಗುಳಿಗಿ ತಗೊಂಡು ಊಟ ಬಿಟ್ರ ಶುಗರ್ ಇಳಿದು ಕಣ್ಣು ಕತ್ತಲಿ ಬರ್ತೈತಿ. ಥಂಡ್ಯಾಗ ರಕ್ತನಾಳ ಬಿಗೀತಾವ, ಬಿಪಿ ಏರ್ತೈತಿ. ಅದಕ್ಕ ಈಗ ಕರ್ಕೊಂಡು ಹೋಗಿ ಡಾಕ್ಟರಿಗೆ ತೋರಿಸು, ತಿಂಗಳು ಒಪ್ಪೊತ್ತು ಇರ್ತಾಳ ಅಂತ ಬಿಚ್ಚಿ ಹೇಳು, ಗುಳಿಗಿ ಹೊತ್ತು, ಅಳತಿ ಬದಲಿ ಮಾಡಿಸು. ಆಮ್ಯಾಲೆ ನಿಮ್ಮವ್ವ "ನೇಮ ತಪ್ಪತೈತಿ" ಅಂತ ಹಟ ಮಾಡಿದ್ರ ಇದನ್ನ ಹೇಳು: ನೀರು, ಗಡ್ಡಿಗೆಣಸು, ಹಣ್ಣು, ಹಾಲು, ಹವಿಸ್ಸು, ಬ್ರಾಹ್ಮಣನ ಇಚ್ಛೆ, ಗುರುವಿನ ಮಾತು, ಔಷಧ, ಈ ಎಂಟರಿಂದ ವ್ರತ ಕೆಡಂಗಿಲ್ಲ ಅಂತ ಶಾಸ್ತ್ರದಾಗ ಶ್ಲೋಕ ಐತಿ. ರಾತ್ರಿ ಹಾಲು, ಹಣ್ಣು ತಗೊಂಡು ಗುಳಿಗಿ ನುಂಗಿದ್ರ ವ್ರತ ಪೂರ್ತಿನ. ಮೂರು ಸ್ನಾನದಾಗ ನಸಿಕಿನ ಒಂದನ್ನ ಬಿಸಿಲು ಬಂದ ಮ್ಯಾಲೆ ಮಾಡ್ಲಿ. ಒಮ್ಮೆಗೇ ತಲಿ ಮುಳುಗಿಸೋದು ಬ್ಯಾಡ, ಮೊದ್ಲು ಪಾದ, ಆಮ್ಯಾಲೆ ಕೈ, ಮಾರಿ, ನಿಧಾನಕ.

ಆರೋಗ್ಯ ಹಾಳಾಗ್ತೈತಿ ಅಂತ ಅಷ್ಟ ನೀವು ಅಂದ್ಕೊಂಡೀರಿ, ಅದಕ್ಕ ಇದನ್ನೂ ಕೇಳ್ರಿ. ಅಲಹಾಬಾದಿನೋರು, ಬ್ರಿಟನ್‌ನೋರು ಕೂಡಿ 2011ರ ಮಾಘಮೇಳದ ಕಲ್ಪವಾಸಿಗಳನ್ನ ಹೋಗೋ ಮೊದಲು, ಬಂದು ತಿಂಗಳಾದ ಮ್ಯಾಲೆ ಮಾತಾಡಿಸಿ, ಹೋಗದ ಮಂದಿ ಜೊತಿ ಹೋಲಿಸಿ 2012ರಾಗ ಸಂಶೋಧನೆ ಪ್ರಕಟ ಮಾಡ್ಯಾರ. ಹೋಗಿ ಬಂದೋರು ತಮ್ಮ ಮೈ, ಮನಸ್ಸು ಸುಧಾರಿಸೇತಿ ಅಂತ ಹೇಳಿದ್ರು, ಹೋಗದೋರ ಮಾತಿನ್ಯಾಗ ಆ ಬದಲಾವಣಿ ಇರ್ಲಿಲ್ಲ. ಥಂಡಿ, ಗದ್ದಲ, ನೆಲದ ಹಾಸಿಗಿ ಎಲ್ಲಾ ಇದ್ದೂ. ನನಗ ಆಶ್ಚರ್ಯ ಆಗ್ಲಿಲ್ಲ. ಮದುವಿಯಾದಾಗಿಂದ ನಿಮ್ಮವ್ವ ಎಲ್ಲಾರದೂ ಊಟ ಆದ ಮ್ಯಾಲೆ ಉಂಡಾಳ. ನಿಮ್ಮಪ್ಪನ ಬ್ಯಾನ್ಯಾಗ ಹಗಲು ರಾತ್ರಿ ಆಕಿನ ಕುಂತಿದ್ಲು. ಈಗ ಮೊಮ್ಮಕ್ಕಳ ಡಬ್ಬಿ ಕಟ್ತಾಳ. ತನಗಂತ ಕೇಳಿದ್ದು ಇದೊಂದು ತಿಂಗಳು, ಅದರಾಗೂ ಆಕಿ ಕೇಳಿದ್ದು ಸುಖ ಅಲ್ಲ, ನೇಮ.

ಗದ್ದಲದ ಭಯ ನನಗೂ ಐತಿ. 2025ರ ಜನವರಿ 29, ಮೌನಿ ಅಮಾವಾಸ್ಯೆ ನಸಿಕಿನ್ಯಾಗ ಸಂಗಮದ ಹತ್ರ ಕಾಲ್ತುಳಿತ ಆತು. 30 ಮಂದಿ ಸತ್ರು ಅಂತ ಅವತ್ತ ಸರ್ಕಾರ ಹೇಳ್ತು, ಬೆಳಗಾವಿಯೋರೂ ಅದರಾಗ ಇದ್ರು. ಮುಹೂರ್ತಕ್ಕ ಕಾಯ್ತಾ ದಂಡಿ ಮ್ಯಾಲೆ ಮಲಗಿದೋರ ಮ್ಯಾಲೆ ಮಂದಿ ಬಿತ್ತು. ಕಲ್ಪವಾಸಿಗೆ ಸಂಗಮದ ತುದಿಗೇ ಹೋಗಬೇಕು ಅಂತಿಲ್ಲ, ಡೇರೆ ಹತ್ರದ ಗಂಗಾನೂ ಗಂಗಾನ. ಅಮಾಸಿ ದಿನ, ಅದರ ಹಿಂದಿನ ದಿನ, ಮರುದಿನ ಡೇರೆ ಬಿಟ್ಟು ದೂರ ಹೋಗಂಗಿಲ್ಲ. ಅಮಾಸಿ ಅಂದ್ರ ಮೌನ ಇರೋ ದಿನ, ಒಳಗ ಕುಂತು ಜಪ ಮಾಡ್ಲಿ.

ಡಾಕ್ಟರ್ ಬ್ಯಾಡ ಅಂದ್ರ ನಾನೂ ಬ್ಯಾಡ ಅಂತೀನಿ. ಆಗ ನಮ್ಮ ಮನಿಗೆ ಬರ್ಲಿ, ನಮ್ಮ ಪಂಚಾಂಗದ ಮಾಘ ಪೂರಾ ಆನೆಗುಂದಿ ಹೊಳಿಯೊಳಗ ಸ್ನಾನ, ಒಪ್ಪೊತ್ತು, ನೆಲದ ಹಾಸಿಗಿ, ಅದ ನೇಮ ಇಬ್ಬರೂ ಇಡ್ತೀವಿ.

ಹೂಂ ಅಂದ್ರ ನಾನೂ ಆಕಿ ಸಂಗಡ ಹೋಗ್ತೀನಿ. ರಾಯಚೂರಿಂದ ಸಿಕಂದರಾಬಾದ್, ಅಲ್ಲಿಂದ ದಾನಾಪುರದ ಗಾಡಿ ಪ್ರಯಾಗದ ಮ್ಯಾಲೆ ಹೋಗ್ತೈತಿ. ಮಂಜಿಗೆ ಗಾಡಿ ತಡ ಆಗ್ತಾವ, ಅದಕ್ಕ ಹುಣ್ಣಿಮಿಗೆ ಮೂರ್ನಾಕು ದಿನ ಮೊದ್ಲ ಮುಟ್ಟಬೇಕು. ದೊಡ್ಡಾವ ಟಿಕೆಟ್ ನೋಡ್ಲಿ, ಕೆಳಗಿನ ಬರ್ತ ಬೇಕು. ನಾ ಇದ್ದ ಜಾಗದ ಪುರೋಹಿತರಿಗೆ ಫೋನ್ ಮಾಡಿ ಡೇರೆ ಕೇಳ್ತೀನಿ, ಅದು ನನ್ನ ಜವಾಬ್ದಾರಿ. ಸಣ್ಣಾವ ಬಿಪಿ ಮಷಿನ್, ಎರಡು ದಪ್ಪ ಕಂಬಳಿ ತರ್ಲಿ. ಡಾಕ್ಟರ್ ಕಡೆ ಮಗಳು ಈ ವಾರದಾಗ ಕರ್ಕೊಂಡು ಹೋಗ್ಲಿ. ಆದ್ರ ಇದೆಲ್ಲಾಕ್ಕೂ ಮೊದ್ಲು ಇವತ್ತ ಸಂಜಿಗೆ ಮೂವರೂ ನಿಮ್ಮವ್ವಗ ಫೋನ್ ಮಾಡ್ರಿ. ಗ್ರೂಪಿನ್ಯಾಗ ಬರೀಬ್ಯಾಡ್ರಿ, ಬಾಯಿಬಿಟ್ಟು "ಹೋಗಿ ಬಾ" ಅನ್ರಿ.